ಯಾವ ಬಲಿ ಹಚ್ಚೀರಿ?

ನಾನು ಕೆಲಸ ಮಾಡಿದ ಉಪಕೇಂದ್ರಕ್ಕೆ ಈಗ ಹೊಸದಾಗಿ ಬಂದಿರುವ ನರ್ಸ್ ಹುಡುಗಿ ಕಳೆದ ತಿಂಗಳು ನನ್ನನ್ನು ಹುಡುಕಿಕೊಂಡು ಬಾಗಲಕೋಟೆಯ ಮನೆಗೆ ಬಂದಿದ್ದಳು. ಚಹಾ ಕುಡಿದು, ಗೋಡೆಗೆ ತೂಗುಹಾಕಿದ ನನ್ನ ನಿವೃತ್ತಿ ದಿನದ ಫೋಟೋ ನೋಡಿ, ಕೊನೆಗೆ ಚೀಲದಿಂದ ನೋಟ್‌ಬುಕ್ಕು ತೆಗೆದು, ಇಷ್ಟು ವರ್ಷ ಮಾಡಿದವರು ನೀವು, ಮುಖ್ಯವಾದದ್ದು ಒಂದೇ ಒಂದು ಹೇಳಿ ಅಂದಳು. ಲಸಿಕೆ, ಬಾಣಂತನ, ವರದಿ ಅಂತ ಏನೋ ಹೇಳುತ್ತೇನೆಂದು ಕಾದಿದ್ದಳು. ಗಾಯ ಮಾಡಿಕೊಂಡು ಯಾರು ಬಂದರೂ, ಯಾವ ಜೇಡರ ಬಲೆ ಹಚ್ಚಿದಿರಿ ಅಂತ ಮೊದಲು ಕೇಳು ಅಂದೆ. ಹುಡುಗಿ ಪೆನ್ನು ಎತ್ತಿದವಳು ಹಾಗೇ ಕುಳಿತಳು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು. ಅವತ್ತು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಅರ್ಧಕ್ಕೆ ನಿಂತ ಆ ಮಾತು ನನಗೆ ಸಮಾಧಾನ ಕೊಡುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಅಂಜುಬುರುಕಿ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹೊರಳಿ ಹೋಗಿ ಜಗ್ಗಿ ನೋಡುವ ಪೈಕಿ. ಚುಚ್ಚುಮದ್ದು ಕೊಟ್ಟ ಕೂಸು ಅಳುವುದು ಸ್ವಲ್ಪ ತಡವಾದರೂ ಎದೆ ಡವಡವ. ಜೇಡ ಕಂಡರಂತೂ ಮೈ ಜುಂ ಅನ್ನುತ್ತಿತ್ತು. ಅಂಥವಳಿಗೆ ಸಿಕ್ಕದ್ದು ಕೆರೂರಿನಿಂದ ಒಳಗೆ ಹೋಗಬೇಕಾದ ಒಂದು ಹಳ್ಳಿ. ಊರಿನ ಹೆಸರು ಬೇಡ, ಅಲ್ಲಿಯವರಿಗೆ ಮುಜುಗರವಾದೀತು. ಎರಡು ಕೋಣೆ, ಒಂದು ಮಂಚ, ಒಂದು ಕಪಾಟು, ಮೂಲೆ ಮೂಲೆಗೂ ಉದ್ದ ಕಾಲಿನ ಬಡಕಲು ಜೇಡ. ಅದರ ಬಲೆಗೆ ರೂಪವೇ ಇಲ್ಲ, ಗೊಜಲು ಗೊಜಲಾದ ನೂಲು. ಕಸಬರಿಗೆ ತಾಗಿದರೆ ಹುಳ ಗಡಗಡ ಅಲುಗಾಡಿ ಕಣ್ಣಿಗೇ ಕಾಣದಂತಾಗುತ್ತದೆ. ಇದೂ ನನ್ನ ಹಾಗೇ ಅಂಜುವ ಪ್ರಾಣಿ ಎಂದು ಗೊತ್ತಾದ ಮೇಲೆ ಅದರ ಮೇಲೆ ಸ್ವಲ್ಪ ಮಮತೆ ಬಂತು. ಊರವರು ನನಗೆ ನರ್ಸಬಾಯಿ ಅನ್ನುತ್ತಿದ್ದರು, ಎದುರಿಗೆ ಬಂದರೆ ಬಾಯಾರ.

ಹೋದ ಮೊದಲ ವಾರದಲ್ಲೇ ಯಮನಪ್ಪನೆಂಬ ಮುದುಕ ಕಟ್ಟಿಗೆ ಒಡೆಯುವಾಗ ಕಾಲಿಗೆ ಕೊಡಲಿ ಹೊಡೆದುಕೊಂಡು ಬಂದ. ಗಾಯದ ಮೇಲೆ ರೂಪಾಯಿ ಅಗಲದ ಬಿಳಿ ಕಾಗದದಂಥದ್ದು ಅಂಟಿತ್ತು. ಏನಿದು ಅಂದರೆ, ಗ್ವಾಡಿ ಮ್ಯಾಗಿನ ಜೇಡದ ಚಕ್ಕಿ ರೀ, ರಕ್ತ ಗಪ್ಪನ ನಿಲ್ತೈತಿ ಅಂದ. ಚಿಮಟಿಗೆಯಿಂದ ಬಿಡಿಸಿದೆ. ಎರಡು ಪದರಿನ ನಡುವೆ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆಗಳು. ನಾನು ಚಿಮಟಿಗೆ ಬಿಸಾಡಿ ಹೊರಗೆ ಓಡಿದೆ. ಕಾಲು ಹಿಡಿದುಕೊಂಡು ಮುದುಕನೇ ನನ್ನ ಹಿಂದೆ ಬಂದು ಧೈರ್ಯ ಹೇಳಿದ.

ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದು, ಕೈ ತೋರಿಸಿದರೆ ಅಡ್ಡಡ್ಡ ಓಡುವ ಜೇಡ ಇದೆಯಲ್ಲ, ಅದು ಬಲೆ ಹೆಣೆಯುವುದೇ ಇಲ್ಲ. ತನ್ನ ನೂಲನ್ನೆಲ್ಲ ಮೊಟ್ಟೆ ಮುಚ್ಚುವ ಈ ಚಕ್ಕೆಗೇ ಖರ್ಚು ಮಾಡುತ್ತದೆ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ತಿಳಿದಿದ್ದದ್ದು ಒಂದೇ, ಬೈಯಬೇಕು. ಅದನ್ನು ಕಲಿಸಿದವರು ನನ್ನ ಮೇಲಿನವರಾದ ಶಾಂತಾಬಾಯಿ. ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಿದ್ದರು. ಅವರ ದನಿ ಎದ್ದರೆ ಕೆರೂರಿನ ಸಂತೆಯೂ ಒಂದು ಗಳಿಗೆ ಸುಮ್ಮನಾಗಬೇಕು. ಬಲೆ ಹಚ್ಚಿಕೊಂಡು ಬಂದವರನ್ನು ನಾಲ್ಕು ಮಂದಿಯ ಎದುರಿಗೆ ನಿಲ್ಲಿಸಿ ಮಾನ ತೆಗೆಯಬೇಕು, ಒಬ್ಬರದು ತೆಗೆದರೆ ಹತ್ತು ಜನ ಕಲಿಯುತ್ತಾರೆ ಎನ್ನುವುದು ಅವರ ಮತ. ಕೆಟ್ಟ ಹೆಂಗಸಲ್ಲ. ಧನುರ್ವಾಯುವಿನಿಂದ ಸಾಯುವವರನ್ನು ಅವರು ಕಣ್ಣಾರೆ ಕಂಡಿದ್ದರು. ದವಡೆ ಬಿಗಿದು ಬಾಯಿ ತೆರೆಯಲಾಗದೆ, ಮೈ ಬಿಲ್ಲಿನಂತೆ ಬಾಗುವುದನ್ನು ಅವರು ಹೇಳುತ್ತಿದ್ದರೆ ನಾನು ಉಣ್ಣುವ ತಾಟು ಸರಿಸಿಬಿಡುತ್ತಿದ್ದೆ.

ಅಂಜುವವರು ಬೈಯಲು ಕಲಿತರೆ ಬಲು ಜೋರಾಗಿ ಬೈಯುತ್ತಾರೆ. ನಾನೂ ಬೈದೆ. ಯಮನಪ್ಪನಿಂದ ಮೊದಲುಗೊಂಡು ಕೂಸಿನ ಹಣೆಗೆ ಇಲ್ಲಣ, ಅಂದರೆ ಮಸಿ ಹಿಡಿದ ಬಲೆ, ಮೆತ್ತಿ ತಂದ ತಾಯಿಯವರೆಗೆ ಎಲ್ಲರಿಗೂ ಆರತಿ ಎತ್ತಿದೆ. ಒಮ್ಮೆ ಒಬ್ಬ ಹೆಣ್ಣುಮಗಳು ಪಕ್ಕೆಯ ಮೇಲೆ ಸಾಲಾಗಿ ಎದ್ದ ಗುಳ್ಳೆ ತೋರಿಸಿ, ಜೇಡ ಹರಿದಾಡಿ ಉಚ್ಚೆ ಹೊಯ್ದಿದೆ ಅಂದಳು. ನೋಡಿದರೆ ಸರ್ಪಸುತ್ತು. ಪಾಪದ ಜೇಡಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅರ್ಧ ತಾಸು ಕೂಗಾಡಿದೆ. ಆಕೆ ಎಲ್ಲಾ ಕೇಳಿಸಿಕೊಂಡು, ಹಂಗಾರ ಸರ್ಪ ಉಚ್ಚಿ ಹೊಯ್ದೈತೇನ್ರಿ ಅಂತ ಕೇಳಿ ಎದ್ದು ಹೋದಳು.

ಎರಡು ವರ್ಷ ಕಳೆಯುವಷ್ಟರಲ್ಲಿ ಬಲೆ ಹಚ್ಚಿಕೊಂಡು ಬರುವವರು ನಿಂತೇಹೋದರು. ಎಲ್ಲರ ಗಾಯವೂ ತೊಳೆದು ಹಸನಾಗಿರುತ್ತಿತ್ತು. ಬಾದಾಮಿಯಲ್ಲಿ ನಡೆದ ತಿಂಗಳ ಸಭೆಯಲ್ಲಿ, ನಮ್ಮೂರಲ್ಲಿ ಆ ರೂಢಿ ನಿಂತುಹೋಗಿದೆ ಎಂದು ಎದ್ದು ನಿಂತು ಹೇಳಿದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನೆನಪಾದರೆ ಇಂದಿಗೂ ಕಿವಿ ಕಾದಂತಾಗುತ್ತದೆ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಒಂದು ಶುಕ್ರವಾರ ಮುಂಜಾನೆ ಕಾಶವ್ವ ಕುಂಟುತ್ತಾ ಬಂದಳು. ಮೂವತ್ತರ ಆಜುಬಾಜಿನ ಗಟ್ಟಿ ಹೆಂಗಸು, ಹಣೆತುಂಬ ವಿಭೂತಿ, ಬಂದ ಕೂಡಲೇ ಶರಣ್ರಿ ಬಾಯಾರ ಅನ್ನುವವಳು. ಹಿಂದಿನ ದಿನ ಸಂಜೆ ದನಕ್ಕೆ ಮೇವು ಕತ್ತರಿಸುವಾಗ ಕುಡುಗೋಲು ಜಾರಿ ಎಡಗಾಲ ಹಿಮ್ಮಡದ ಮೇಲೆ ಕೂತಿತ್ತು. ಗಾಯ ಆಳವಿತ್ತು, ಆದರೆ ಸ್ವಚ್ಛವಿತ್ತು.

ಏನಾದರೂ ಹಚ್ಚಿದೆಯಾ ಅಂತ ಕೇಳಿದೆ. ನನ್ನ ದನಿ ಹೇಗಿತ್ತೆಂದು ನನಗೆ ಗೊತ್ತು. ಆ ದನಿಯಲ್ಲಿ ಕೇಳಿದರೆ ಯಾರಾದರೂ ಒಂದೇ ಉತ್ತರ ಕೊಡುತ್ತಾರೆ.

‘ಏನೂ ಇಲ್ರಿ ಬಾಯಾರ. ಬರೇ ನೀರಿಲೆ ತೊಳದೇನಿ.’

ಧನುರ್ವಾಯುವಿನ ಚುಚ್ಚುಮದ್ದು ನನ್ನ ಹತ್ತಿರ ಇರಲಿಲ್ಲ. ಮುಗಿಯುತ್ತಿದೆ, ತರಬೇಕು ಎಂದು ಹತ್ತು ದಿನದಿಂದ ಅಂದುಕೊಳ್ಳುತ್ತಲೇ ಇದ್ದೆ, ಪಲ್ಸ್ ಪೋಲಿಯೋ ಗದ್ದಲದಲ್ಲಿ ಮರೆತಿದ್ದೆ. ತಪ್ಪು ನನ್ನದೇ, ಬೇರೆ ಯಾರದ್ದೂ ಅಲ್ಲ. ಹೊಲಸು ತಾಗಿದ ಗಾಯವಾಗಿದ್ದರೆ ಅವಳನ್ನು ಆಗಿಂದಾಗಲೇ ಬಾದಾಮಿಯ ಬಸ್ಸು ಹತ್ತಿಸುತ್ತಿದ್ದೆ. ಸ್ವಚ್ಛ ಇದೆಯಲ್ಲ ಎಂದು ಪಟ್ಟಿ ಕಟ್ಟಿ, ಮಂಗಳವಾರ ಔಷಧಿ ಬರುತ್ತದೆ, ತಪ್ಪದೆ ಬಾ ಅಂದೆ. ಹೂಂ ಅಂದು ಹೋದಳು.

ಮಂಗಳವಾರ ಬಂತು, ಔಷಧಿ ಬಂತು, ಕಾಶವ್ವ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು ನಾನೇ ಅವಳ ಮನೆಗೆ ಹೋದೆ. ಅವಳ ಅತ್ತೆ ಗಂಗವ್ವ ದನದ ಕೊಟ್ಟಿಗೆಯಲ್ಲಿ ಕಸ ಬಳಿಯುತ್ತಿದ್ದಳು. ಸೊಸೆ ಇಳಕಲ್ಲಿಗೆ ಹೋಗಿದ್ದಾಳೆ, ಅವಳ ಅಕ್ಕ ಹಡೆದಿದ್ದಾಳೆ, ಬಾಣಂತನಕ್ಕೆ ಆಸರೆ ಬೇಕಾಗಿತ್ತು ಅಂದಳು. ಹೋಗಲಿ ಬಿಡು, ಅಲ್ಲೇ ಯಾವುದಾದರೂ ದವಾಖಾನೆಯಲ್ಲಿ ಮಾಡಿಸಿಕೊಳ್ಳಲಿ ಎಂದು ಹೊರಡುವವಳಿದ್ದೆ. ಸುಮ್ಮನೆ ತಲೆ ಎತ್ತಿದೆ.

ದನಗಳು ಮೇಯುವ ಗ್ವಾದಲಿಯ ಮೇಲಿನ ಮೂಲೆಯಲ್ಲಿ ವರ್ಷಗಟ್ಟಲೆಯ ಬಲೆ ಪದರು ಪದರಾಗಿ ಇಳಿಬಿದ್ದಿತ್ತು. ಹೊಟ್ಟು, ಸಗಣಿಯ ಧೂಳು ಕೂತು ಗೋಣಿತಟ್ಟಿನಷ್ಟು ದಪ್ಪಗಾಗಿತ್ತು. ಅದರ ನಡುವೆ ಅಂಗೈ ಅಗಲದ ಒಂದು ಜಾಗ ಮಾತ್ರ ಖಾಲಿ. ಅಂಚು ಹರಿದಿತ್ತು, ಹಿಂದಿನ ಮಣ್ಣಿನ ಗೋಡೆ ಹಸನಾಗಿ ಕಾಣುತ್ತಿತ್ತು. ಯಾರೋ ಕೈ ಹಾಕಿ ಕಿತ್ತುಕೊಂಡಿದ್ದರು.

ಗಂಗವ್ವನ ಮುಖ ನೋಡಿದೆ. ಅವಳು ಕಸಬರಿಗೆಯನ್ನೇ ನೋಡುತ್ತಿದ್ದಳು. ಮೂರು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು.

‘ರಕ್ತ ನಿಲ್ಲವಲ್ದಾತ್ರಿ. ಅಲ್ಲೇ ಕೈಗೆ ಸಿಕ್ಕದ್ದು ಒತ್ತೇನಿ. ನೀವ ಬೈತೀರಂತ ಮುಂಜಾನೆದ್ದು ಉಜ್ಜಿ ತೊಳದು ಕಳಸೇನಿ.’

ಅಂದರೆ ಎರಡು ವರ್ಷದಿಂದ ಊರು ಮಾಡುತ್ತಿದ್ದದ್ದು ಇದೇ. ಬಲೆ ಹಚ್ಚುವುದು ನಿಂತಿರಲಿಲ್ಲ. ನನಗೆ ತೋರಿಸುವುದು ನಿಂತಿತ್ತು. ದನದ ಸಗಣಿಯಲ್ಲಿ ಧನುರ್ವಾಯುವಿನ ಬೀಜ ಇರುತ್ತದೆಂದು ನಮಗೆ ತರಬೇತಿಯ ಮೊದಲ ತಿಂಗಳಲ್ಲೇ ಬಾಯಿಪಾಠ ಮಾಡಿಸಿದ್ದರು. ಅದು ಒಂದು ವಾರಕ್ಕೋ ಹದಿನೈದು ದಿನಕ್ಕೋ ತಲೆ ಎತ್ತುತ್ತದೆ. ಗುರುವಾರದಿಂದ ಎಣಿಸಿದೆ. ಅಂದಿಗೆ ಐದು ದಿನ.

ಔಷಧಿಯ ಸೀಸೆಯನ್ನು ಐಸ್ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಾದಾಮಿಗೆ ಓಡಿ ಡಾಕ್ಟರ ಮುಂದೆ ನಿಂತೆ. ಔಷಧಿ ಮುಗಿಸಿಕೊಂಡದ್ದು, ಮಂಗಳವಾರ ಬಾ ಅಂದದ್ದು, ಗೋಡೆಯ ಖಾಲಿ ಜಾಗ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ನೌಕರಿ ಹೋಯಿತು ಅಂತಲೇ ತಿಳಿದಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಒಂದು ಚೀಟಿ ಬರೆದುಕೊಟ್ಟು, ಮೊದಲು ಆಕಿನ್ನ ಹುಡುಕು, ಬೈಯೂದು ಏನಿದ್ರೂ ಆಮ್ಯಾಲೆ ಅಂದರು. ಸಿಕ್ಕರೆ ಅಲ್ಲಿನ ದೊಡ್ಡ ದವಾಖಾನೆಗೇ ಕರೆದೊಯ್ಯಬೇಕು, ಬರಿಯ ಈ ಚುಚ್ಚುಮದ್ದು ಸಾಲದು, ಇಷ್ಟು ದಿನವಾದ ಮೇಲೆ ಬೇರೆ ಸೂಜಿಯೂ ಬೇಕು ಎಂದು ಚೀಟಿಯಲ್ಲಿ ಬರೆದಿದ್ದರು.

ಬಾದಾಮಿಯಿಂದ ಹುನಗುಂದ, ಹುನಗುಂದದಿಂದ ಇಳಕಲ್ಲು. ಆ ಬಸ್ಸು ಕೈ ಮಾಡಿದವರಿಗೆಲ್ಲ ನಿಂತಿತು. ನಾನು ಸೀಟಿನ ತುದಿಗೆ ಕೂತು ನನಗೇ ಗೊತ್ತಿಲ್ಲದೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದೆ. ದವಡೆ ಬಿಗಿಯಾಗಿದೆಯೇನೋ ಎಂದು ನೋಡಿಕೊಳ್ಳುತ್ತಿದ್ದೆ, ಗಾಯ ಆದದ್ದು ನನಗೇನೋ ಅನ್ನುವ ಹಾಗೆ. ಪಕ್ಕದ ಹೆಂಗಸು ಸ್ವಲ್ಪ ಹೊತ್ತು ನೋಡಿ, ಹಲ್ಲ ನೋವೇನ್ರಿ ಎಂದು ಕೇಳಿ, ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟಳು. ಬೇಡ ಅನ್ನಲಾರದೆ ಬಾಯಿಗೆ ಹಾಕಿಕೊಂಡೆ. ಲವಂಗದ ವಾಸನೆ ಬಂದರೆ ಇಂದಿಗೂ ನನಗೆ ಹುನಗುಂದದ ಬಸ್ ನಿಲ್ದಾಣ ಕಾಣುತ್ತದೆ.

ಇಳಕಲ್ಲಿನಲ್ಲಿ ಇಳಿದಾಗ ಗೊತ್ತಾಯಿತು, ನನ್ನ ಹತ್ತಿರ ವಿಳಾಸವೇ ಇಲ್ಲ. ಅಕ್ಕನ ಮನೆ, ಮುಂದೆ ಮಗ್ಗ ಅದಾವು, ಇಷ್ಟೇ ಗಂಗವ್ವ ಹೇಳಿದ್ದು. ಆ ಓಣಿಗಳಲ್ಲಿ ಯಾರ ಮನೆಯ ಮುಂದೆ ಮಗ್ಗ ಇಲ್ಲ? ಎರಡು ಓಣಿ ಸುಮ್ಮನೆ ಅಲೆದೆ. ಮೂರನೆಯದರಲ್ಲಿ ನನ್ನ ಕೆಲಸ ನನ್ನ ಉಪಯೋಗಕ್ಕೆ ಬಂತು. ಹೆಸರು ಕೇಳುವುದು ಬಿಟ್ಟು, ಹಸಿ ಬಾಣಂತಿ ಇರುವ ಮನೆ ಯಾವುದು ಎಂದು ಮುದುಕಿಯರನ್ನು ಕೇಳಿದೆ. ಮುದುಕಿಯರಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ. ನಾಲ್ಕು ಮನೆ ಹೇಳಿದರು. ಮೂರನೆಯ ಮನೆಯ ಪಡಸಾಲೆಯಲ್ಲಿ ಕಾಶವ್ವ ರಾಟಿಯ ಮುಂದೆ ಕೂತಿದ್ದಳು.

‘ಕಾಶವ್ವ’ ಅಂದೆ. ಅವಳು ತಿರುಗಿ ನೋಡಿದಳು. ಮಾತಾಡಲಿಲ್ಲ. ಹಲ್ಲು ಗಟ್ಟಿಯಾಗಿ ಕಚ್ಚಿಕೊಂಡಿದ್ದಳು, ದವಡೆಯ ಎಲುಬು ಎದ್ದು ಕಾಣುತ್ತಿತ್ತು. ಮತ್ತೊಮ್ಮೆ ಕರೆದೆ. ಕಣ್ಣು ದೊಡ್ಡವಾದವು, ಬಾಯಿ ತೆರೆಯಲಿಲ್ಲ. ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದೆ. ಡಬ್ಬಿ ಕೈಯಿಂದ ಜಾರಿ ಉರುಳಿತು.

ಅವಳು ಹಲ್ಲಿನ ನಡುವಿನಿಂದ ಒಂದು ಕೆಂಪು ರೇಷ್ಮೆ ಎಳೆಯ ತುದಿಯನ್ನು ತೆಗೆದು, ಇನ್ನೊಂದು ತುದಿಗೆ ಗಂಟು ಹಾಕಿ, ‘ಎಳಿ ಹರದಿತ್ರಿ. ಯಾಕ ಬಾಯಾರ, ನೀವ ಇಲ್ಲಿ?’ ಅಂದಳು.

ನಾನು ಅತ್ತುಬಿಟ್ಟೆ. ಅವಳ ಅಕ್ಕ ಕೂಸನ್ನು ಎತ್ತಿಕೊಂಡೇ ಬಂದು ನೀರು ಕೊಟ್ಟಳು.

ಗಾಯದ ಮೇಲೆ ಹಕ್ಕಳೆ ಕಟ್ಟಿತ್ತು, ನೋಡಲು ಮಾಯುತ್ತಿರುವಂತಿತ್ತು. ದವಾಖಾನೆಯಲ್ಲಿ ಬಿಡಿಸಿದರೆ ಒಳಗೆ ಕೀವು, ಕೀವಿನಲ್ಲಿ ಕಪ್ಪು ನೂಲಿನಂಥ ಎಳೆಗಳು. ಎಷ್ಟು ಉಜ್ಜಿದರೂ ಬಲೆ ಪೂರ್ತಿ ಬಿಡುವುದಿಲ್ಲ, ಅಂಟುವುದೇ ಅದರ ಕಸುಬು. ಎರಡೂ ಚುಚ್ಚುಮದ್ದು ಕೊಟ್ಟರು. ಇನ್ನು ಕಾಯಬೇಕು ಅಂದರು. ನಾನು ರಜೆ ಹಾಕಿ ಆ ಬಾಣಂತಿಯ ಮನೆಯಲ್ಲೇ ಉಳಿದೆ, ಕೂಸಿಗೆ ಎರೆಯುವ ಕೆಲಸ ವಹಿಸಿಕೊಂಡೆ. ದಿನಾ ಬೆಳಿಗ್ಗೆ ಕಾಶವ್ವನ ಎದುರು ಕೂತು ಬಾಯಿ ತೆರೆ ಅನ್ನುವುದು, ಅವಳು ಆ ಅನ್ನುವುದು. ಎರಡು ಬೆರಳು ಹಿಡಿಸುತ್ತವೆಯೋ ಎಂದು ನೋಡುವುದು. ಏಳನೆಯ ದಿನ ಅವಳಿಗೆ ಕುತ್ತಿಗೆ ಹಿಡಿಯಿತು. ನಾನು ಊಟ ಬಿಟ್ಟೆ. ರಾಟಿಯ ಮುಂದೆ ಬಾಗಿ ಕೂತಿದ್ದಕ್ಕೆ ಹಿಡಿದ ಕುತ್ತಿಗೆ ಅದು, ಮರುದಿನ ಬಿಟ್ಟಿತು.

ಹದಿನೈದು ದಿನ ದಾಟಿದ ಮೇಲೆ ಕೇಳಿದೆ, ನನ್ನ ಮುಂದೆ ಸುಳ್ಳು ಯಾಕೆ ಹೇಳಿದೆ ಅಂತ. ತಲೆ ತಗ್ಗಿಸಿಕೊಂಡೇ ಹೇಳಿದಳು.

‘ಆ ಬ್ಯಾನಿ ಹ್ಯಾಂಗಿರ್ತೈತಿ ಅಂತ ನಾ ನೋಡಿಲ್ರಿ. ನಿಮ್ಮ ಬೈಗಳ ನೋಡೇನಿ.’

ಕಾಶವ್ವ ಬದುಕಿದಳು. ಇಂದಿಗೂ ಎಡಗಾಲು ಸ್ವಲ್ಪ ಎಳೆದೇ ನಡೆಯುತ್ತಾಳೆ. ಆ ಹೆಜ್ಜೆಯ ಹೊಣೆ ನನ್ನದು.

ಊರಿಗೆ ಮರಳಿದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಗಾಯ ಹಿಡಿದು ಬಂದವರನ್ನು, ಏನಾದರೂ ಹಚ್ಚಿದಿರಾ ಎಂದು ಕೇಳುವುದು ಬಿಟ್ಟೆ. ಇವತ್ತು ಏನು ಪಲ್ಯ ಎಂದು ಕೇಳುವ ದನಿಯಲ್ಲಿ, ಯಾವ ಬಲಿ ಹಚ್ಚೀರಿ ಎಂದು ಕೇಳತೊಡಗಿದೆ. ಹಚ್ಚಿಯೇ ಹಚ್ಚಿರುತ್ತೀರಿ, ಅದರಲ್ಲಿ ನಾಚಿಕೆ ಏನಿಲ್ಲ, ಎಲ್ಲಿಯದು ಅಂತಷ್ಟೇ ಹೇಳಿ ಎನ್ನುವ ಹಾಗೆ. ಮೊದಲು ಅನುಮಾನಪಟ್ಟರು. ಆಮೇಲೆ ಹೇಳಿದರು. ಹೇಳಿದ್ದು ಅರ್ಥವಾಗಬೇಕಲ್ಲ, ಅದಕ್ಕಾಗಿ ಮೈ ಜುಂ ಎಂದರೂ ಹೋಗಿ ಹೋಗಿ ನೋಡಿದೆ.

ಬೇವಿನ ಗಿಡದಿಂದ ಬೇಲಿಗೆ ಗಾಲಿಯಂತೆ ಹೆಣೆಯುವ ಜೇಡ ಇದೆ. ಕೆಲವು ಸಂಜೆ ಕಟ್ಟಿ ಬೆಳಗಾಗುವುದರೊಳಗೆ ತಾವೇ ನುಂಗಿ ಬಿಚ್ಚಿಬಿಡುತ್ತವೆ. ಆ ಬಲೆ ದಿನಾ ಹೊಸದು, ಧೂಳು ಕಡಿಮೆ. ಕಳ್ಳಿಯ ಸಾಲಿನಲ್ಲಿ ಇನ್ನೊಂದಿದೆ, ನಡು ಬಲೆಯಲ್ಲಿ ಬಿಳಿಯ ನೂಲಿನಿಂದ ಅಡ್ಡಗೆರೆ ಗೀಚಿ, ಕಾಲು ಎರಡೆರಡು ಜೋಡಿಸಿ ಅದರ ಮೇಲೆ ತಲೆಕೆಳಗಾಗಿ ಕೂಡುತ್ತದೆ. ಹೊಲದ ಬದುವಿನ ಹುಲ್ಲಿನಲ್ಲಿ ಮುಂಜಾನೆ ಇಬ್ಬನಿ ಬಿದ್ದಾಗ ಹಾಸಿದ ಪಂಚೆಯಂತೆ ಕಾಣುವುದು ಮತ್ತೊಂದು. ಅದರ ಒಂದು ಮೂಲೆಯಲ್ಲಿ ಆಲಿಕೆಯಂಥ ತೂತು, ತೂತಿನಲ್ಲಿ ಹುಳ ಕಾದು ಕೂತಿರುತ್ತದೆ. ಅದು ಮಣ್ಣಿಗೆ ತಾಗಿದ ಬಲೆ, ಅಪಾಯ. ಅಡಿಗೆಮನೆಯ ಇಲ್ಲಣ ಮಸಿ ತುಂಬಿದ್ದು. ಎಲ್ಲಕ್ಕಿಂತ ಕೆಟ್ಟದ್ದು ಗ್ವಾದಲಿಯದು. ಬಾಯಿಂದ ಗ್ವಾದಲಿ ಎಂದು ಬಂದರೆ ಸಾಕು, ಪಟ್ಟಿ ಕಟ್ಟುವ ಮೊದಲೇ ಬಸ್ಸಿನ ವೇಳೆ ನೋಡುತ್ತಿದ್ದೆ. ಯಾವ ಬಲೆಯಾದರೂ ಚುಚ್ಚುಮದ್ದು ತಪ್ಪಿಸುತ್ತಿರಲಿಲ್ಲ, ಯಾವುದೂ ಗಾಯಕ್ಕೆ ಔಷಧಿಯಲ್ಲ ಎಂದು ಹೇಳುವುದನ್ನೂ ಬಿಡುತ್ತಿರಲಿಲ್ಲ. ಮೆತ್ತಗೆ ಹೇಳುತ್ತಿದ್ದೆ, ಅಷ್ಟೇ. ಕಪಾಟಿನಲ್ಲಿ ಔಷಧಿಯ ಸೀಸೆ ಐದಕ್ಕೆ ಇಳಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಶಾಂತಾಬಾಯಿ ಒಪ್ಪಲಿಲ್ಲ. ನೀನು ಇವರಿಗೆ ಬಲೆ ಆರಿಸುವುದನ್ನು ಕಲಿಸುತ್ತಿದ್ದೀ, ನಾಳೆ ಅಂಗಡಿ ಇಡುತ್ತಾರೆ ಎಂದರು. ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಮೆತ್ತಗೆ ಕೇಳಿದ್ದಕ್ಕೆ ಅದು ತಪ್ಪಲ್ಲವೆಂದು ತಿಳಿದು ಎಷ್ಟು ಜನ ಹಚ್ಚಿಕೊಂಡಿರಬಹುದು? ನನಗೆ ಗೊತ್ತಿಲ್ಲ. ನಾನು ಸರಿ ಎಂದು ಎದೆ ತಟ್ಟಿ ಹೇಳಲಾರೆ. ನಿವೃತ್ತಿಯಾಗಿ ಮೂರು ವರ್ಷವಾದರೂ ಈ ಲೆಕ್ಕ ತಲೆಯಿಂದ ಇಳಿದಿಲ್ಲ.

ಇದನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಬರೆಯಲು ಕೂತ ಎರಡನೆಯ ದಿನ ಕಾಶವ್ವನ ಫೋನು ಬಂತು. ಈಗ ಅವಳೂ ಅತ್ತೆ. ಸೊಸೆ ಮೇವು ಕತ್ತರಿಸುವಾಗ ಕೈ ಕೊಯ್ದುಕೊಂಡಿದ್ದಾಳೆ ಅಂದಳು. ಹಿಂದೆ ಆಟೋದ ಸದ್ದು ಕೇಳುತ್ತಿತ್ತು.

‘ಪಟ್ಟಿ ಕಟಗೊಂಡು ಕುಂತಿದ್ಲ್ರಿ. ನಾ ಬೈಲಿಲ್ಲ. ಯಾವ ಬಲಿ ಹಚ್ಚಿದಿ ಅಂತ ಕೇಳೇನಿ. ಗ್ವಾದಲಿದು ಅಂದ್ಲು. ಬಾದಾಮಿ ದವಾಖಾನಿಗೆ ಕರಕೊಂಡು ಹೊಂಟೇನಿ.’

ಬೈಗುಳ ನನ್ನ ನಾಲಗೆಯ ತುದಿಗೇ ಬಂದಿತ್ತು. ಇಷ್ಟು ವರ್ಷವಾದ ಮೇಲೂ, ಅದೇ ಮನೆಯಲ್ಲಿ, ಅದೇ ಮೂಲೆಯಿಂದ ಎಂದು. ನುಂಗಿಕೊಂಡೆ. ಛಲೋ ಕೇಳಿದೆ ಅಂದೆ. ಅಂದೇ ಸೊಸೆಗೆ ಎರಡೂ ಸೂಜಿ ಆದವು, ಗಾಯವನ್ನೂ ಬಿಡಿಸಿ ತೊಳೆದರಂತೆ. ಅಂಜುವ ಕಾರಣ ಈಗ ಅಷ್ಟಿಲ್ಲ. ಆದರೂ ನಾನು ದಿನ ಎಣಿಸುತ್ತಿದ್ದೇನೆ, ಮುಂಜಾನೆ ಚಹಾ ಕುಡಿಯುವ ಮೊದಲು ಫೋನು ಹಚ್ಚುತ್ತಿದ್ದೇನೆ. ಇವತ್ತು ಎಂಟನೆಯ ದಿನ.

‘ಕಾಶವ್ವ, ಬಾಯಿ ತೆರೀತಾಳೇನ ಹುಡುಗಿ?’ ಅಂದೆ.

‘ಮುಚ್ಚವಲ್ಲಳ್ರಿ ಬಾಯಾರ’ ಅಂದಳು ಕಾಶವ್ವ. ‘ಗ್ವಾದಲಿ ಬಲಿ ಎಲ್ಲಾ ಹೊಡದು ಸುಣ್ಣಾ ಹಚ್ಚಂತ ಮುಂಜಾನಿಂದ ನನ್ನ ಕೂಡ ಜಗಳಾ ತಗದಾಳ.’